ಸ್ಕ್ರೂ ಸಂದಿಯ ಕುಂಕುಮ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಸ್ಕ್ರೂಗಳನ್ನು. ಮನೆಯವರ ನಗೆ, ಗೋಡೆಯ ಮೇಲಿನ ಮಕ್ಕಳ ಪದಕ, ತಟ್ಟೆಯಲ್ಲಿ ಬಂದ ಕೋಡುಬಳೆ, ಇವೆಲ್ಲ ಆಮೇಲಿನ ಮಾತು. ಹಜಾರದ ಮೂಲೆಯಲ್ಲಿ ಹಿತ್ತಾಳೆಯ ಕಹಳೆ ಹೊತ್ತ ಗ್ರಾಮಫೋನ್ ಏನಾದರೂ ಕಂಡಿತೋ, ನಾನು ಮಂಡಿಯೂರಿ ಅದರ ಬೆನ್ನ ಹಿಂದೆ ತಲೆ ತೂರಿಸಿರುತ್ತೇನೆ. ಒಂದು ನಿಮಿಷದ ಬಳಿಕ ತಲೆ ಹೊರಗೆಳೆದು, ಸೀರೆಯ ಧೂಳು ಕೊಡವಿಕೊಂಡು, “ಕ್ಷಮಿಸಿ, ಇದು ನಕಲಿ” ಎನ್ನುತ್ತೇನೆ. ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ನನ್ನನ್ನು ಊಟಕ್ಕೆ ಕರೆಯುವವರು ಏಕೆ ಕಡಿಮೆಯಾಗುತ್ತಿದ್ದಾರೆ ಎಂಬುದು ಇಷ್ಟರಲ್ಲೇ ನಿಮಗೆ ಹೊಳೆದಿರಬೇಕು.

ಸ್ಕ್ರೂವಿನ ಶಾಸ್ತ್ರ ಸರಳವಾದದ್ದು. ಹಳೆಯ ಕಾಲದ ಯಂತ್ರಗಳಲ್ಲಿ ಸ್ಕ್ರೂವಿನ ತಲೆಯ ಮೇಲೆ ಒಂದೇ ಒಂದು ಗೀರು ಇರುತ್ತಿತ್ತು. ಈಗ ಅಂಗಡಿಯವರು ಸ್ಟಾರ್ ಸ್ಕ್ರೂ ಎಂದು ಕೊಡುತ್ತಾರಲ್ಲ, ಕೂಡುವ ಚಿಹ್ನೆಯಂತೆ ಎರಡು ಗೀರಿನದು, ಅದು ಬಳಕೆಗೆ ಬಂದದ್ದು ಬಹಳ ಆಮೇಲೆ. ಆದ್ದರಿಂದ ನೂರು ವರ್ಷ ಹಳೆಯದೆಂದು ಮೆರೆಯುವ ಪೆಟ್ಟಿಗೆಯ ಬೆನ್ನಲ್ಲಿ ಸ್ಟಾರ್ ಸ್ಕ್ರೂ ಕಾಣುವುದೆಂದರೆ, ಪೌರಾಣಿಕ ನಾಟಕದ ದುರ್ಯೋಧನನ ಮುಂಗೈಯಲ್ಲಿ ಕೈಗಡಿಯಾರ ಕಂಡಂತೆ. ವ್ಯತ್ಯಾಸವಿಷ್ಟೆ: ನಾಟಕದಲ್ಲಿ ಜನ ನಗುತ್ತಾರೆ, ಇಲ್ಲಿ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಈ ಜನರ ಅಜ್ಞಾನದ ಬಗ್ಗೆ ನನಗೆ ಕನಿಕರವೂ ಉಳಿದಿಲ್ಲ. ಫೋನೋಗ್ರಾಫ್ ಎಂದರೆ ಮೇಣದ ಉರುಳೆಯಿಂದ ದನಿ ತೆಗೆಯುವ ಯಂತ್ರ. ಗ್ರಾಮಫೋನ್ ಎಂದರೆ ಚಪ್ಪಟೆ ತಟ್ಟೆಯಿಂದ ತೆಗೆಯುವಂಥದು. ಇವರಿಗೆ ಎರಡೂ ಒಂದೇ. ಬೀಸುವ ಕಲ್ಲನ್ನು ಒರಳೆಂದು ಕರೆದರೆ ನಿಮ್ಮ ಅಜ್ಜಿ ಸುಮ್ಮನಿರುತ್ತಿದ್ದರೇ? ಇನ್ನು ಮದುವೆಗೆ ಮುಂಚಿನ ಫೋಟೊಗಳ ವಿಷಯ. ಹುಡುಗ ಹುಡುಗಿ ಕಹಳೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಹಾಡು ಕೇಳುತ್ತ ಕರಗಿಹೋದಂತೆ ನಟಿಸುತ್ತಾರೆ. ತಿರುಗುವ ತಟ್ಟೆಯ ಮೇಲೆ ಹಾಡು ಹೊರಡಿಸುವ ಪಿನ್ನೇ ಇರುವುದಿಲ್ಲ. ಕೇಳಿಸದ ಮಾತಿಗೆ ತಲೆದೂಗುವ ಈ ವಿದ್ಯೆ ಮುಂದಿನ ಸಂಸಾರಕ್ಕೆ ಒಳ್ಳೆಯ ತಾಲೀಮೇ ಇರಬಹುದು. ಆದರೆ ಅದಕ್ಕೆ ಚರಿತ್ರೆಯನ್ನು ಏಕೆ ಬಾಡಿಗೆಗೆ ತರಬೇಕು?

ಕಳೆದ ಬೇಸಿಗೆಯಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಕೆಫೆಗೆ ಹೋಗಿದ್ದೆ. ಬಾಗಿಲಲ್ಲೇ ಥಳಥಳ ಹೊಳೆಯುವ ಒಂದು ಪೆಟ್ಟಿಗೆ. ಹಿಂದೆ ಬಗ್ಗಿ ನೋಡಿದೆ: ಎಂಟಕ್ಕೆ ಎಂಟೂ ಸ್ಟಾರ್ ಸ್ಕ್ರೂ. ಮ್ಯಾನೇಜರ್ ಓಡಿಬಂದರು.

“ವಿಂಟೇಜ್ ಪೀಸ್ ಮೇಡಂ ಅದು. ಬ್ಲೂಟೂತ್ ಕೂಡ ಇದೆ.”

“ವಿಂಟೇಜ್ ಬ್ಲೂಟೂತಾ?”

“ಹೂಂ ಮೇಡಂ, ಸಖತ್ ಸೌಂಡು!”

ನಾನು ಅಲ್ಲಿಯೇ ನಿಂತು ಹತ್ತು ನಿಮಿಷ ಮಾತನಾಡಿದೆ. ಚರಿತ್ರೆಯನ್ನು ಗೃಹಾಲಂಕಾರಕ್ಕೆ ಇಳಿಸುವುದರ ಬಗ್ಗೆ, ಗ್ರಾಹಕರಿಗೆ ಹೇಳುವ ಸುಳ್ಳಿನ ಬಗ್ಗೆ, ಹಳೆಯ ಕುಶಲಕರ್ಮಿಗಳಿಗೆ ಆಗುವ ಅವಮಾನದ ಬಗ್ಗೆ. ಆತ ಕೊನೆಯವರೆಗೂ ವಿನಯದಿಂದ ಕೇಳಿಸಿಕೊಂಡು, ದನಿ ತಗ್ಗಿಸಿ ಕೇಳಿದರು: “ಯಾರು ಮೇಡಂ ನಿಮ್ಗೆ ಕೀ ಕೊಟ್ಟು ಕಳ್ಸಿರೋದು? ಎದುರುಗಡೆ ಕೆಫೆಯವ್ರಾ?”

ನಮ್ಮ ಊರಿನಲ್ಲಿ ತಪ್ಪನ್ನು ತಪ್ಪೆಂದ ಪ್ರತಿಯೊಬ್ಬರಿಗೂ ಎದುರಾಗುವ ಪ್ರಶ್ನೆ ಇದು. ಮನುಷ್ಯರು ತಮ್ಮ ಸ್ವಂತ ಸ್ಪ್ರಿಂಗಿನಿಂದಲೇ ತಿರುಗಬಲ್ಲರೆಂದು ಯಾರೂ ನಂಬುವುದಿಲ್ಲ. ಕಾಲುದಾರಿಯನ್ನು ನುಂಗಿದ ಜನರೇಟರಿನ ಬಗ್ಗೆ ದೂರು ಕೊಟ್ಟಾಗಲೂ, ಮನೆಗೆಲಸದವರಿಗೆ ಬೇರೆ ಲಿಫ್ಟು ಗೊತ್ತುಮಾಡಿದ ಅಪಾರ್ಟ್‌ಮೆಂಟಿನ ಮುಂದೆ ಫಲಕ ಹಿಡಿದು ನಿಂತಾಗಲೂ ನನ್ನನ್ನು ಇದನ್ನೇ ಕೇಳಿದ್ದರು. ಯಾರೂ ಕೀ ಕೊಟ್ಟಿಲ್ಲ ಸ್ವಾಮಿ, ನಾನು ಓದಿದ ಶಾಲೆಯೇ ಅಂಥದು. ಅಲ್ಲಿ ಅಂಕಗಳಿರಲಿಲ್ಲ, ಪರೀಕ್ಷೆಗಳಿರಲಿಲ್ಲ. ಮರದ ಕೆಳಗೆ ಸುತ್ತ ಕೂರಿಸಿ ಒಂದು ಪ್ರಶ್ನೆ ಕೇಳುವುದನ್ನು ಮಾತ್ರ ಕಲಿಸಿದರು: ಇಲ್ಲಿ ಯಾರ ಹೆಸರು ಬಿಟ್ಟುಹೋಗಿದೆ?

ಆ ಪ್ರಶ್ನೆಯನ್ನೇ ತಲೆಯಲ್ಲಿಟ್ಟುಕೊಂಡು ಹಳೆಯ ಯಂತ್ರಗಳ ಪಟ್ಟಿ ಮಾಡಲು ತೊಡಗಿದ್ದೆ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಪುಟ್ಟ ಪ್ರದರ್ಶನ; ಅದರ ಜೊತೆಗೊಂದು ಕಿರುಹೊತ್ತಗೆ. ಮೊದಲ ಭಾಗದಲ್ಲಿ ಅಸಲಿ ಯಂತ್ರಗಳು: ತಯಾರಿಸಿದ ಕಂಪನಿ, ಮಾದರಿ, ಕ್ರಮಸಂಖ್ಯೆ, ಮಾಲೀಕರು. ಎರಡನೆಯ ಭಾಗದಲ್ಲಿ ನಕಲಿಗಳು, ಅಲ್ಲಿ ನಾನೇ ಕಂಡುಹಿಡಿದ ಒಂದು ಅಂಕಣವಿತ್ತು: “ಅಸಲಿ ಎಂದು ಸಾರಿದವರು.” ಹೆಸರುಗಳೆಲ್ಲ ದಪ್ಪ ಅಕ್ಷರದಲ್ಲಿ. ಮೊದಲ ಭಾಗದ ಮೊದಲ ಯಂತ್ರ ನನ್ನದೇ. ಯಾವುದೋ ದೊಡ್ಡ ಬಂಗಲೆಯ ಹಜಾರದಿಂದ ಬಂದದ್ದೆಂದು ಹೇಳಿ ವ್ಯಾಪಾರಿಯೊಬ್ಬರು ಕೊಟ್ಟಿದ್ದರು. ಕಹಳೆಯ ಮೇಲೆ ಒಂದು ನೆಗ್ಗಿಲ್ಲ. ಹನ್ನೆರಡು ಸ್ಕ್ರೂ, ಹನ್ನೆರಡಕ್ಕೂ ಒಂದೇ ಗೀರು.

ಪೀಠಿಕೆಯಲ್ಲಿ ನಾನು ಒಂದು ಸಂಗತಿಯನ್ನು ಬಹಳ ಆವೇಶದಿಂದ ಬರೆದಿದ್ದೆ. ಮೊದಮೊದಲ ತಟ್ಟೆಗಳಲ್ಲಿ ಹಾಡು ಮುಗಿಯುತ್ತಿದ್ದಂತೆ ಹಾಡಿದಾಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದು ಕೇಳಿಸುತ್ತದೆ. ದೂರದ ದೇಶದಲ್ಲಿ ತಟ್ಟೆಗೆ ಚೀಟಿ ಅಂಟಿಸುವವರಿಗೆ ಗುರುತು ಸಿಗಲೆಂದು ಹಾಗೆ ಹೇಳಿಸುತ್ತಿದ್ದರಂತೆ. ನನಗೆ ಮಾತ್ರ ಅದರಲ್ಲಿ ಬೇರೆಯೇ ದನಿ ಕೇಳುತ್ತದೆ. ಮರೆತೀರಿ ಜೋಕೆ, ಹಾಡಿದವಳು ನಾನು, ಎಂಬ ಎಚ್ಚರಿಕೆ. ಹೆಣ್ಣಿನ ಶ್ರಮ, ಅಳಿಸಿಹೋದ ಹೆಸರು ಎಂದೆಲ್ಲ ಎರಡು ಪುಟ ತುಂಬಿಸಿದ್ದೆ. ಓದಿ ನಾನೇ ಕಣ್ಣೊರೆಸಿಕೊಂಡದ್ದೂ ಉಂಟು.

ಹೀಗಿರುವಾಗ ಯಡಿಯೂರಿನಿಂದ ಚಿಕ್ಕತಾಯಮ್ಮನವರ ಫೋನ್ ಬಂತು. ಬಡಾವಣೆಗಳು ಏಳುವುದಕ್ಕೆ ಮುಂಚೆ ಅವರದು ಅಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ; ಈಗ ಅದೇ ನೆಲದ ಮೇಲೆ ಮೂರಂತಸ್ತಿನ ಬಾಡಿಗೆ ಮನೆಗಳು, ಕೆಳಗೆ ಅವರು. ವಯಸ್ಸು ಎಪ್ಪತ್ತರ ಮೇಲೆ. “ಹಾಡಿನ್ ಪೆಟ್ಗೆಗಳ್ನ ಬುಕ್ಕಲ್ಲಿ ಹಾಕ್ತೀರಂತಲ್ಲ ಮೇಡಂ. ನಮ್ಮತ್ತೆದು ಒಂದೈತೆ. ಬಂದು ನೋಡಿ.”

ಹೋದೆ. ನೋಡಿದೆ. ಕಹಳೆ ಬೇರೆ ಯಾವುದೋ ಪೆಟ್ಟಿಗೆಯದು. ಕ್ರಮಸಂಖ್ಯೆಯ ತಗಡು ಕಿತ್ತುಹೋಗಿತ್ತು. ಏಳು ಸ್ಕ್ರೂಗಳಲ್ಲಿ ಐದು ಸ್ಟಾರ್. ನನ್ನ ಎಂದಿನ ಮಾತನ್ನು ಎಂದಿನ ದನಿಯಲ್ಲಿ ಹೇಳಿದೆ.

“ನಕಲಿ ಅಂದ್ರೆ ಏನು ಮೇಡಂ?” ಎಂದರು ಚಿಕ್ಕತಾಯಮ್ಮ. “ನಮ್ ಮಾವ ತೀರ್ಕಂಡ್ ಮ್ಯಾಕೆ ನಮ್ಮತ್ತೆ ಇದನ್ನ ತಲೆ ಮ್ಯಾಲೆ ಹೊತ್ಕಂಡು ಸಿದ್ದಾಪುರ, ಅತ್ಲಾಗೆ ಗಿರಿನಗರದ್ ಕಡೆ ಹಳ್ಳಿಗಳು, ಎಲ್ಲಾ ಮದ್ವೆಗೂ ಹೋಗೋರು. ಪ್ಲೇಟ್ ಪಿಳ್ಳಮ್ಮ ಅಂತ್ಲೇ ಹೆಸ್ರು. ಇಡೀ ದಿನ ಕೀ ಕೊಡೋರು, ಜನ ಕೇಳೋರು. ಅವ್ರ್ ಹೆಸ್ರು ಒಂದ್ ಕಡೆ ಅಚ್ಚಲ್ಲಿ ಬರ್ಲಿ ಅಂತ ನನ್ಗೆ ಆಸೆ. ಅಷ್ಟೇಯ.”

“ನಿಮ್ಮ ಭಾವನೆ ಅರ್ಥವಾಗುತ್ತದೆ. ಆದರೆ ಬಿಡಿಭಾಗಗಳು ಬದಲಾಗಿವೆ. ನಿಯಮವೆಂದರೆ ನಿಯಮ.”

“ನನ್ ಎರಡು ಮಂಡಿನೂ ಬದ್ಲಾಯ್ಸವ್ರೆ ಮೇಡಂ. ನಾನೂ ನಕಲೀನಾ?”

ನಿಯಮದಲ್ಲಿ ಮಂಡಿಗಳ ಪ್ರಸ್ತಾಪವಿರಲಿಲ್ಲ. ಮನೆಗೆ ಬಂದವಳೇ ಎರಡನೆಯ ಭಾಗಕ್ಕೆ ಒಂದು ಸಾಲು ಸೇರಿಸಿದೆ. ಅಸಲಿ ಎಂದು ಸಾರಿದವರು: ಚಿಕ್ಕತಾಯಮ್ಮ, ಯಡಿಯೂರು. ದಪ್ಪ ಅಕ್ಷರದಲ್ಲಿ. ಅಳಿಸಿಹೋದ ಹೆಸರುಗಳ ಬಗ್ಗೆ ಎರಡು ಪುಟ ಕಣ್ಣೀರು ಸುರಿಸಿದ ಅದೇ ಹೊತ್ತಗೆಯ ಹಿಂಬದಿಯಲ್ಲಿ. ಇಂಥದನ್ನು ಇನ್ನೊಬ್ಬರು ಮಾಡಿದ್ದರೆ ಅವರ ಮನೆಯ ಮುಂದೆ ಫಲಕ ಹಿಡಿದು ನಿಂತಿರುತ್ತಿದ್ದೆ.

ಮುಂದಿನ ವಾರ ನಮ್ಮ ಮನೆಯ ಮುಂದೆ ಆಟೊ ಬಂದು ನಿಂತಿತು. ಇಳಿದವರು ಚಿಕ್ಕತಾಯಮ್ಮ. “ಅಸಲಿ ಹೆಂಗಿರ್ತದೆ ಅಂತ ಒಂದ್ಸಲ ನೋಡ್ಕಂಡ್ ಹೋಗಾಣ ಅಂತ ಬಂದೆ.”

ನನ್ನ ಯಂತ್ರವನ್ನು ಹೆಮ್ಮೆಯಿಂದಲೇ ತೋರಿಸಿದೆ. ಅವರು ಒಂದು ಸುತ್ತು ಬಂದರು. ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಸೇಫ್ಟಿಪಿನ್ ತೆಗೆದು, ಒಂದು ಸ್ಕ್ರೂವಿನ ಗೀರನ್ನು ಮೆಲ್ಲಗೆ ಕೆರೆದರು. ಇನ್ನೊಂದನ್ನು ಕೆರೆದರು. ಪಿನ್ನಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಕುಂಕುಮ ಎಲ್ಲಿ ಮೇಡಂ?”

ಆಯುಧಪೂಜೆಯ ದಿನ ಪ್ರತಿ ಸ್ಕ್ರೂವಿನ ನೆತ್ತಿಗೂ ಒಂದೊಂದು ಬೊಟ್ಟು ಇಡುತ್ತಾರೆ. ಮರುದಿನ ಒರೆಸಿದರೆ ಮೇಲಿನದು ಹೋಗುತ್ತದೆ, ಗೀರಿನೊಳಗಿನದು ಹೋಗುವುದಿಲ್ಲ. ವರ್ಷದ ಮೇಲೆ ವರ್ಷ ಕೂತು ಕಪ್ಪುಗೆಂಪಾಗಿ ಗಟ್ಟಿಯಾಗುತ್ತದೆ. ನಾನು ಬಿಡಲಿಲ್ಲ. ಎಲ್ಲ ಮನೆಗಳಲ್ಲೂ ಆಯುಧಪೂಜೆ ನಡೆಯುವುದಿಲ್ಲ, ಬೇರೆ ಧರ್ಮದವರ ಮನೆಯಲ್ಲಿದ್ದಿರಬಹುದು, ಒಂದು ಸಮುದಾಯದ ಆಚರಣೆಯನ್ನು ಎಲ್ಲರ ಮೇಲೂ ಹೇರುವುದು ತಪ್ಪು ಎಂದು ವಿವರಿಸಿದೆ.

“ಅದೂ ದಿಟವೇ,” ಎಂದು ಅವರು ತಕ್ಷಣ ಒಪ್ಪಿಬಿಟ್ಟರು. “ಕುಂಕುಮ ಬಿಟ್ಹಾಕಿ. ಹಾಡ್ಸೋ ಪಿನ್ನಿಗೆ ಜಾತಿಯಿಲ್ವಲ್ಲ? ಪೆಟ್ಗೆ ಒಂಚೂರು ಬಗ್ಸಿ.”

ಆ ಕಾಲದಲ್ಲಿ ಹಾಡಿನ ತಟ್ಟೆಯ ಪ್ರತಿ ಮಗ್ಗುಲಿಗೂ ಹೊಸ ಪಿನ್ನು ಹಾಕಬೇಕಿತ್ತು. ಸವೆದದ್ದನ್ನು ಕಿತ್ತು ಹಾಕುವ ಅವಸರದಲ್ಲಿ ಅದು ಜಾರಿ, ತಿರುಗುವ ತಟ್ಟೆಯ ಪಕ್ಕದ ಸಂದಿಯಿಂದ ಪೆಟ್ಟಿಗೆಯ ಹೊಟ್ಟೆ ಸೇರುತ್ತಿತ್ತು. ಅದನ್ನು ಯಾರೂ ಹೆಕ್ಕುತ್ತಿರಲಿಲ್ಲ. ಹಾಡಿದ ಪೆಟ್ಟಿಗೆಯನ್ನು ಅಲುಗಿಸಿದರೆ ಗಲಗಲ ಎನ್ನಲೇಬೇಕು. ನಾನು ಬಗ್ಗಿಸಿದೆ, ಅಲುಗಿಸಿದೆ. ಸದ್ದಿಲ್ಲ. ಕೊನೆಗೆ ತಳದ ಹಲಗೆಯನ್ನೇ ಬಿಚ್ಚಿದೆ. ಒಂದು ಹಿಡಿ ಹೊಸ ಮರದ ಹೊಟ್ಟು ನನ್ನ ಮಡಿಲಿಗೆ ಬಿತ್ತು, ಅಂಟಿನ ವಾಸನೆಯ ಸಮೇತ. ಒಂದೇ ಗೀರಿನ ಸ್ಕ್ರೂಗಳನ್ನು ಮಾತ್ರ ನನ್ನಂಥ ಪಂಡಿತರಿಗಾಗಿಯೇ ಹುಡುಕಿ ಹಾಕಿದ್ದರು.

“ಇದು ಒಂದ್ಸಲನೂ ಹಾಡೇ ಇಲ್ಲ,” ಎಂದು ಚಿಕ್ಕತಾಯಮ್ಮ ಅದರ ಮೈ ಸವರಿದರು. “ಪಾಪ.” ಆ ಪಾಪ ಎಂಬುದು ಯಂತ್ರಕ್ಕೋ ನನಗೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಅದೇ ಆಟೊದಲ್ಲಿ ಅವರೊಡನೆ ಯಡಿಯೂರಿಗೆ ಹೋದೆ. ಪಿಳ್ಳಮ್ಮನ ಪೆಟ್ಟಿಗೆಯನ್ನು ಬಗ್ಗಿಸಿದಾಗ ತುಕ್ಕು ಹಿಡಿದ ಪಿನ್ನುಗಳು ಬೊಗಸೆಯ ತುಂಬ ಸುರಿದವು. ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿದೆ. ಹಳೆಯ ಎರಡರಲ್ಲಿ ಮಾತ್ರವಲ್ಲ, ನಾನು ಹೀಗಳೆದಿದ್ದ ಐದು ಸ್ಟಾರ್ ಸ್ಕ್ರೂಗಳಲ್ಲೂ ಕುಂಕುಮ ಕೂಡುವ ಚಿಹ್ನೆಯ ಆಕಾರದಲ್ಲಿ ಹೆಪ್ಪುಗಟ್ಟಿತ್ತು. ಗೀರು ಎಷ್ಟೆಂದು ಎಣಿಸಿದ್ದೆ. ಗೀರಿನೊಳಗೆ ಏನಿದೆಯೆಂದು ನೋಡಿರಲಿಲ್ಲ. ನನ್ನ ಪಟ್ಟಿಯಾದರೂ ಅಷ್ಟೆ. ಅದರಲ್ಲಿ ಕಂಪನಿಗೆ ಜಾಗವಿತ್ತು, ಮಾಲೀಕರಿಗೆ ಜಾಗವಿತ್ತು. ಇಡೀ ದಿನ ತೋಳು ನೋಯಿಸಿಕೊಂಡು ಪೆಟ್ಟಿಗೆಯನ್ನು ಹಾಡಿಸಿದವಳಿಗೆ ಇರಲಿಲ್ಲ. ಆಕೆಗೆ ತಟ್ಟೆಯ ಕೊನೆಯಲ್ಲಿ ಕೂಗಿ ಹೇಳುವ ಅವಕಾಶವೂ ಸಿಕ್ಕಿರಲಿಲ್ಲ.

ಹೊತ್ತಗೆಯನ್ನು ಮತ್ತೆ ಹೆಣೆದೆ. ಹೊಸ ಅಂಕಣವೊಂದು ಬಂತು: “ಕೀ ಕೊಟ್ಟವರು.” ಮೊದಲ ಯಂತ್ರ ಯಡಿಯೂರಿನದು, ಕೀ ಕೊಟ್ಟವರು ಪಿಳ್ಳಮ್ಮ. ನನ್ನ ಯಂತ್ರ ಎರಡನೆಯ ಭಾಗಕ್ಕೆ, ಕೆಫೆಯ ಪೆಟ್ಟಿಗೆಯ ಪಕ್ಕಕ್ಕೆ ಹೋಯಿತು. ಅಸಲಿ ಎಂದು ಸಾರಿದವರ ಅಂಕಣದಲ್ಲಿ ನನ್ನ ಹೆಸರು. ಅಚ್ಚಿನ ಕರಡನ್ನು ಚಿಕ್ಕತಾಯಮ್ಮನವರಿಗೆ ಒಯ್ದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅತ್ತೆಯ ಹೆಸರನ್ನು ಮೂರು ಸಲ ಓದಿದರು. ಸೆರಗಿನಿಂದ ಪುಟವನ್ನು ಒಮ್ಮೆ ಒರೆಸಿದರು. ಹಾಗೆಯೇ ಹಾಳೆ ತಿರುಗಿಸುತ್ತ ಎರಡನೆಯ ಭಾಗಕ್ಕೆ ಬಂದರು. ಬೆರಳು ನಿಂತಿತು.

“ಇದ್ಯಾಕ್ ಮೇಡಂ, ಬ್ಯಾರೆಯೋರ್ ಹೆಸ್ರೆಲ್ಲ ದಪ್ಪಗವೆ, ನಿಮ್ದು ಮಾತ್ರ ಇರುವೆ ಹಂಗೈತೆ?”

ಮುದ್ರಣದೋಷ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು, ಆ ಹನ್ನೆರಡು ಸ್ಕ್ರೂಗಳನ್ನು ನೋಡಿದಂತೆಯೇ, ನೋಡಿದರು.

ಯಡಿಯೂರು ಕೆರೆಯ ತಿರುವು ದಾಟುವ ಮುನ್ನವೇ ಮುದ್ರಕರಿಗೆ ಫೋನ್ ಮಾಡಿ ನನ್ನ ಹೆಸರನ್ನೂ ದಪ್ಪ ಮಾಡಿಸಿದೆ. ಯಾರು ಕೀ ಕೊಟ್ಟರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಜೀವಮಾನದಲ್ಲಿ ಮೊದಲ ಸಲ, ಹೇಳಲು ನನ್ನ ಬಳಿ ಒಂದು ಹೆಸರಿತ್ತು.