ಬೀಸೋ ಕಲ್ಲಿನ ತಾಳ

ಮದುವೆಯಾಗಿ ಬಿಟ್ಟಿದ್ದ ಸಂಗೀತ ಪಾಠಕ್ಕೆ, ಎರಡು ಮಕ್ಕಳಾದ ಮೇಲೆ ಮಧುಗಿರಿಯ ಸಂಗೀತ ಶಾಲೆಯಲ್ಲಿ ಮತ್ತೆ ಸೇರಿದೆ. ಮೊದಲ ದಿನ ರಾಗಿ ಬೀಸಿ, ಮುದ್ದೆ ತೊಳಸಿ, ಚಿಕ್ಕವನಿಗೆ ಹಾಲು ಕುಡಿಸಿ, ನಮ್ಮೂರು ಕೊಡಿಗೇನಹಳ್ಳಿಯಿಂದ ಹೊರಡುವ, ಆ ಕಾಲದಲ್ಲಿ ಇದ್ದಿಲಿನಿಂದಲೇ ಓಡುತ್ತಿದ್ದ ಬಸ್ಸಿನ ಒಲೆಗೆ ಇದ್ದಿಲು ತುಂಬುವಷ್ಟರಲ್ಲಿ ಓಡಿ ಹತ್ತಿದೆ.

ಮೇಷ್ಟ್ರು ಆದಿತಾಳ ಹಾಕಿಕೊಂಡು ಹಾಡಲು ಹೇಳಿದರು. ದನಿಯೇನೋ ಎದ್ದಿತು. ಆದರೆ ಬಲಗೈ ತೊಡೆ ತಟ್ಟುವ ಬದಲು ಗಾಳಿಯಲ್ಲಿ ಸುತ್ತತೊಡಗಿತು. ಪಕ್ಕದ ಹುಡುಗಿಯರು ನಕ್ಕರು.

"ಏನಮ್ಮ ಅದು?" ಎಂದರು ಮೇಷ್ಟ್ರು.

"ಬೀಸೋ ಕಲ್ಲು ಸ್ವಾಮಿ. ಎಂಟು ವರ್ಸದಿಂದ ಅದರ ಮುಂದೇನೇ ಹಾಡಿರೋದು. ಕೈ ತಿರುಗದಿದ್ರೆ ಪದ ಬರಾಕಿಲ್ಲ."

ಮನೆಗೆ ಕಳಿಸುತ್ತಾರೆಂದು ಪುಸ್ತಕ ಎತ್ತಿಕೊಂಡೆ. ಅವರು ಕಣ್ಣು ಮುಚ್ಚಿ, "ಇನ್ನೊಂದ್ಸಲ ಬೀಸಮ್ಮ" ಎಂದರು. ಬೀಸಿದೆ.

"ಒಂದು ಸುತ್ತೂ ತಪ್ಪಲಿಲ್ಲ. ಲಯ ಗಟ್ಟಿಯಾಗಿದೆ, ತಟ್ಟೋದನ್ನ ನಾನು ಹೇಳಿಕೊಡ್ತೀನಿ. ಕೂತ್ಕೋ."

ಮಾರನೆಯ ಬೆಳಗ್ಗೆ ಹಾಡಿಕೊಂಡೇ ಬೀಸಲು ಕೂತೆ. ನೋಡಿದರೆ ಕಲ್ಲು ನಿಂತುಹೋಗಿದೆ, ಕೈ ತೊಡೆ ತಟ್ಟುತ್ತಿದೆ.

"ಇಂಗಾದ್ರೆ ಸಂಗೀತ ಬತ್ತದೆ, ಹಿಟ್ಟು ಬರಾಕಿಲ್ಲ ಕಣಮ್ಮ" ಅಂದರು ಅತ್ತೆ. ನನ್ನನ್ನು ಪಕ್ಕಕ್ಕೆ ಸರಿಸಿ ಗೂಟ ತಾವೇ ಹಿಡಿದರು.

ಅಂದಿನಿಂದ ನಾನು ಹಾಡುವಾಗ ಬೀಸುವವರು ಅವರೇ. ನನ್ನ ತಾಳ ತಪ್ಪಿದರೆ ಮಾತ್ರ ಕಲ್ಲು ನಿಲ್ಲಿಸುತ್ತಿದ್ದರು.