ಮುಚ್ಚಳದ ಒಳಗಿನ ಅಂಕಿಗಳು

ಚಾಚಾ ಅವರ ಎಡಗಿವಿಯ ಅಂಚಿನಲ್ಲಿ ಯಾವಾಗಲೂ ಧೂಳಿನ ಕಪ್ಪು ಗೆರೆಯೊಂದು ಇರುತ್ತಿತ್ತು. ಕಂಪ್ಯೂಟರಿನ ತಗಡಿನ ಡಬ್ಬಿಗೆ ಕಿವಿ ಆನಿಸಿ, ಒಳಗೆ ಡಿಸ್ಕು ತಿರುಗುವ ಸದ್ದು ಕೇಳುವವರೆಗೆ ಅವರು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. “ಉಸಿರು ಸರಿ ಐತೆ ಬೇಟಿ” ಎಂದರೆ ನನಗೂ ಉಸಿರು ಬರುತ್ತಿತ್ತು.

ಹರಿಹರಕ್ಕೆ ಹತ್ತಿರದ ಕರೂರಿನ ನಮ್ಮ ಷೆಡ್ಡಿನಲ್ಲಿ ತಗಡು ಕತ್ತರಿಸುವ ಯಂತ್ರವನ್ನು ನಡೆಸುವುದು ಆ ಹಳೇ ಕಂಪ್ಯೂಟರೇ. ಹಳದಿಗಟ್ಟಿದ ಮೈ, ಫ್ಲಾಪಿ ನುಂಗುವ ಬಾಯಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಹೊಸ ಕಂಪ್ಯೂಟರುಗಳ ಮಾತನ್ನು ನಮ್ಮ ಯಂತ್ರ ಕೇಳುವುದಿಲ್ಲ. “ಈ ಡಬ್ಬಿ ಹೋದ ದಿನ ಷೆಡ್ಡಿಗೆ ಬೀಗ” ಎಂದು ಮಾಲೀಕರು ಹೇಳಿಯೇ ಇಟ್ಟಿದ್ದರು. ಅದನ್ನು ನೋಡಿಕೊಳ್ಳುವವಳು ನಾನು. ಆರು ಮಂದಿಯ ಅನ್ನ ಅದರಲ್ಲಿತ್ತು. ರಿಪೇರಿ ಗೊತ್ತಿದ್ದವರು ಹರಿಹರದ ಚಾಚಾ ಒಬ್ಬರೇ.

ತನ್ನ ಡಿಸ್ಕಿನ ಅಳತೆ ಆ ಡಬ್ಬಿಗೆ ತಾನಾಗಿ ತಿಳಿಯದು. ಮೂರು ಅಂಕಿಗಳನ್ನು ನಾವೇ ಕೊಡಬೇಕು, ಒಳಗಿನ ಸೆಲ್ಲಿನ ಬಲದಿಂದ ಅದು ನೆನಪಿಟ್ಟುಕೊಳ್ಳುತ್ತದೆ. ಸೆಲ್ಲು ತೆಗೆದರೆ ಎಲ್ಲ ಮರೆವು. ಅದಕ್ಕೇ ಚಾಚಾ ಆ ಅಂಕಿಗಳನ್ನು ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಒತ್ತಿ ಬರೆದಿದ್ದರು.

“ನೀನೂ ಒಂದ್ ಕಡೆ ಬರ್ಕೊ. ನಾನೇನು ಗೂಟ ಹೊಡ್ಕೊಂಡು ಕೂತಿರ್ತೀನಾ?”

“ಆತ್ರಿ ಚಾಚಾ” ಎಂದೆ. ಬರೆದುಕೊಳ್ಳಲಿಲ್ಲ.

ಆಯುಧಪೂಜೆಗೆ ಸ್ಪಾನರನ್ನೂ ಬಿಡದೆ ಒರೆಸುವವರು ನಾವು. ನಾನು ಮುಚ್ಚಳ ಬಿಚ್ಚಿ, ಸೆಲ್ಲನ್ನೂ ಕಿತ್ತು ಒರೆಸಿ ಹಾಕಿ, ಮುಚ್ಚಳದ ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ. ಕೈ ತಿಕ್ಕುತ್ತಿತ್ತು, ಬಾಯಿ ಪಕ್ಕದವಳ ಜೊತೆ ಹರಟುತ್ತಿತ್ತು.

ಹಬ್ಬ ಕಳೆದ ಬೆಳಿಗ್ಗೆ ಪರದೆಯ ಮೇಲೆ ಡಿಸ್ಕೇ ಇಲ್ಲವೆಂದು ಬಂತು. ಮುಚ್ಚಳ ತೆಗೆದರೆ ಒಳಗೆ ಫಳಫಳ, ಅಂಕಿಗಳ ಗುರುತೇ ಇಲ್ಲ! ಮಾಲೀಕರು ಇನ್ನೇನು ಮಂಡಿಪೇಟೆಯಿಂದ ಬರುವವರಿದ್ದರು. ಚಾಚಾ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದು ತಿಂಗಳಾಗಿತ್ತು. ಆದರೂ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

“ನಂಬರು ನೆಪ್ಪಿಲ್ಲ ಬೇಟಿ. ಅಂದಾಜಿಗೆ ಹೊಡೀಬ್ಯಾಡ. ತಪ್ಪು ನಂಬರಲ್ಲಿ ಏನಾರ ಬರೆದ್ರೆ ಒಳಗಿರೋ ಡ್ರಾಯಿಂಗೆಲ್ಲ ಹಾಳಾಗ್ತಾವೆ.”

ಆಮೇಲೆ ಬರೀ ಏದುಸಿರು. ಅದೂ ನಿಂತರೆ ಎಂದು ಹೆದರಿ ಫೋನನ್ನು ಕಿವಿಗೆ ಒತ್ತಿಕೊಂಡೆ.

“ಪೂಜೆ ವಿಭೂತಿ ಐತಾ?”

“ಐತ್ರಿ.”

“ಒಣ ವಿಭೂತಿ ಮುಚ್ಚಳದ ಒಳಗೆ ತಿಕ್ಕಿ, ಮೇಲ್ಮೇಲೆ ಒರೆಸು. ಒತ್ತಿ ಬರೆದೀನಿ, ಪೆನ್ಸಿಲ್ಲು ಅಳಿಸಿದ್ರೂ ಬಣ್ಣದ ಮೇಲೆ ಗೆರೆ ತಗ್ಗಾಗಿರ್ತೈತೆ.”

ತಿಕ್ಕಿದೆ. ಒರೆಸಿದಾಗ ತಗ್ಗುಗಳಲ್ಲಿ ಬಿಳಿ ಉಳಿದು, ಒಂದೊಂದೇ ಅಂಕಿ ಎದ್ದು ಬಂತು. ಮೂರನ್ನೂ ಕೊಟ್ಟು ಕಂಪ್ಯೂಟರನ್ನು ಮತ್ತೆ ಹಚ್ಚಿ, ಫೋನನ್ನು ಡಬ್ಬಿಗೆ ಹಿಡಿದೆ.

“ಉಸಿರು ಸರಿ ಐತೆ” ಎಂದರು. “ಮಾಲೀಕರು ಕೇಳಿದ್ರೆ, ಚಾಚಾ ಹಾಕಿದ್ದ ಸೆಲ್ಲು ಕೆಟ್ಟಿತ್ತು ಅನ್ನು. ನಿನ್ನ ಕೆಲ್ಸ ಉಳೀಲಿ.”

ಕೆಲಸ ನಿಂತದ್ದೇಕೆಂದು ಮಾಲೀಕರು ಕೇಳಿದರು. ನಾನು ಹಾಗೆಯೇ ಅಂದೆ.

ಅದೇ ವಾರ ಚಾಚಾ ತೀರಿಕೊಂಡರು. ಹರಿಹರದ ಅವರ ಮನೆಯೆದುರು, ಅವರ ಮಗನ ಮುಂದೆಯೇ ಮಾಲೀಕರು ಅಂದರು: “ಒಳ್ಳೆ ಕೆಲ್ಸಗಾರ ಇದ್ರು. ಕಡೇಗೆ ಮಾತ್ರ ಒಂದು ಕೆಟ್ಟ ಸೆಲ್ಲು ಹಾಕಿಬಿಟ್ರು, ಪಾಪ.” ಮಗ ತಲೆ ತಗ್ಗಿಸಿದ. ಕೆಲಸ ಹೋಗುವ ಭಯಕ್ಕೆ ನಾನು ಅವನ ಮುಖ ನೋಡದೆ ಹಿಂದೆ ಸರಿದೆ.

ಆ ಅಂಕಿಗಳನ್ನು ಈಗ ಮೂರು ಕಡೆ ಬರೆದಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಡಬ್ಬಿಗೆ ಕಿವಿ ಆನಿಸಿದ ಮೇಲೆಯೇ ಕೆಲಸ. ಸೆಲ್ಲು ಕೆಟ್ಟಿರಲಿಲ್ಲ ಎಂದು ಮಾಲೀಕರಿಗೆ ಇನ್ನೂ ಹೇಳಿಲ್ಲ.