ನಾಗಮಂಗಲದಲ್ಲಿ ನಾನು ಬರೆದ ಬೋರ್ಡು

ಬೋರ್ಡು ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಲಾರಿಗಳ ಹಿಂಭಾಗ ನೋಡಿ, ಮುಚ್ಚಿದ ಅಂಗಡಿಗಳ ಶಟರ್ ನೋಡಿ, ಯಾರೋ ಬ್ರಷ್ ಎಳೆಯುವ ವಿಡಿಯೊವನ್ನು ಫೋನಿನಲ್ಲಿ ನಿಧಾನಕ್ಕೆ ಓಡಿಸಿ ನೋಡಿ ಕಲಿತೆ. ಅದಕ್ಕೇ ನನ್ನ ಗುಡಿಸು ತಪ್ಪು. 'ತಿ', 'ಡಿ' ಅಕ್ಷರಗಳ ತಲೆಯ ಮೇಲೆ ಕೂರುತ್ತದಲ್ಲ, ಆ ಸುರುಳಿ. ಎಲ್ಲರೂ ಅದನ್ನು ಎಡದಿಂದ ಶುರು ಮಾಡುತ್ತಾರೆ. ನಾನು ಗೊತ್ತಿಲ್ಲದೆ ಬಲದಿಂದ ಶುರು ಮಾಡಿದೆ, ಕೈ ಹಾಗೇ ಕೂತುಬಿಟ್ಟಿತು. ಸಣ್ಣ ಇರಬೇಕಾದ ಕಡೆ ದಪ್ಪ, ದಪ್ಪ ಇರಬೇಕಾದ ಕಡೆ ಸಣ್ಣ. ನೋಡಿದರೆ ಪೇಟ ಓರೆಯಾಗಿ ಸುತ್ತಿದ ಹಾಗೆ ಕಾಣುತ್ತದೆ. ಒಮ್ಮೆ ಹಳೆಯ ಪೇಂಟರೊಬ್ಬರು ನೋಡಿ, "ಉಲ್ಟಾ ಎಳೀತಾ ಇದ್ದೀಯಲ್ಲೋ, ಯಾರ್ಲಾ ಯೋಳ್ಕೊಟ್ಟೋರು ನಿಂಗೆ?" ಅಂದರು. ಯಾರೂ ಇಲ್ಲ ಅಂದೆ. "ಅದ್ಕೇ ಮತ್ತೆ" ಅಂದರು.

ನನ್ನ ಮೊದಲ ಬೋರ್ಡು ಇದ್ದದ್ದು ನಾಗಮಂಗಲದಲ್ಲಿ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಬ್ಬ ಹೆಂಗಸು ನಡೆಸುವ, ನಾಲ್ಕು ಬೆಂಚಿನ ಹೋಟೆಲು. ತಗಡಿಗೆ ನೀಲಿ ಬಳಿದು, ಹಳದಿಯಲ್ಲಿ 'ಕಾಫಿ ತಿಂಡಿ' ಎಂದು ಬರೆದು, ಕೆಂಪು ನೆರಳು ಕೊಟ್ಟಿದ್ದೆ. ಎರಡು ಪದಕ್ಕೆ ಎರಡು ದಿನ ಹಿಡಿಯಿತು. ಆಕೆ ಒಂದು ಸಲವೂ ಇನ್ನೂ ಆಗಲಿಲ್ಲವೇ ಎಂದು ಕೇಳಲಿಲ್ಲ. ಬೋರ್ಡು ಏರಿಸುವಾಗ ತಾವೇ ಏಣಿ ಹಿಡಿದು ನಿಂತರು. ಅದಾಗಿ ಎರಡು ವರ್ಷ. ಎರಡು ಮಳೆಗಾಲ, ಎರಡು ಬೇಸಿಗೆ ಕಂಡ ಮೇಲೆ ನನ್ನ ಬಣ್ಣ ಹೇಗೆ ನಿಂತಿದೆ ಎಂದು ನೋಡಬೇಕಿತ್ತು. ನಿಂತಿದ್ದರೆ ಇದನ್ನೇ ಕಸುಬು ಮಾಡಿಕೊಳ್ಳುವುದು, ಉದುರಿದ್ದರೆ ಬಿಟ್ಟುಬಿಡುವುದು. ಹಾಗೆಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ.

ಇದು ಗೊತ್ತಿದ್ದವನು ನನ್ನ ಗೆಳೆಯ ಒಬ್ಬನೇ. ಗಂಜಾಂನಲ್ಲಿ ನಮ್ಮಿಬ್ಬರದೂ ಒಂದೇ ಬೀದಿ, ಒಂದೇ ಸ್ಕೂಲು, ಒಂದೇ ಬೆಂಚು. ಈಗ ಅವನಿಗೆ ಶ್ರೀರಂಗಪಟ್ಟಣದಲ್ಲಿ ಫ್ಲೆಕ್ಸ್ ಅಂಗಡಿ. ಅಂಗಡಿ ತೆರೆದ ದಿನ ನಾನು ಮುಖ ಸಣ್ಣಗೆ ಮಾಡಿಕೊಂಡದ್ದು ನೋಡಿ, ಹೆಗಲ ಮೇಲೆ ಕೈ ಹಾಕಿದ್ದ. "ಲೇ, ನಂದೇನಿದ್ರೂ ಉಟ್ಟಬ್ಬ, ತಿಥಿ, ಎಲೆಕ್ಷನ್ನು ಅಷ್ಟೇ ಕಣ್ಲಾ. ಓಟ್ಲು ಬೋರ್ಡಿನ ತಂಟೆಗೆ ನಾ ಬರಾಕಿಲ್ಲ. ಅದು ನಿಂದು." ಆ ಮಾತು ನನಗೆ ಸಾಕಾಗಿತ್ತು.

ಒಂದು ಸೋಮವಾರ ಅವನ ಬೈಕಿನಲ್ಲಿ ಹೊರಟೆವು. ಅವಸರವಿಲ್ಲ. ಊರೂರಲ್ಲಿ ನಿಲ್ಲುವುದು, ಚಿಕ್ಕ ಹೋಟೆಲುಗಳಲ್ಲಿ ಕೂರುವುದು, ಹಳೆಯ ಅಂಗಡಿಗಳ ಬೋರ್ಡು ನೋಡುವುದು, ಕೊನೆಗೆ ನಾಗಮಂಗಲ. ಶ್ರೀರಂಗಪಟ್ಟಣದಲ್ಲೇ ಅವನು ಖಾಲಿ ದೋಸೆ ಎರಡು ಸೆಟ್ ಮುಗಿಸಿ ಮೂರನೆಯದಕ್ಕೆ ಕೈ ಎತ್ತಿದ.

"ಏನ್ಲಾ ಇದು, ಬೀಗ್ರೂಟಕ್ಕೆ ಕುಂತಂಗೆ ಕುಂತಿದ್ದೀಯ? ಹೊತ್ತಾಯ್ತು" ಅಂದೆ.

"ಆ ಓಟ್ಲು ಎಲ್ಲಿಗೂ ಓಡೋಗಾಕಿಲ್ಲ, ತಿನ್ಲಾ." ಆಮೇಲೆ ಕಾಫಿ ಆರಿಸುತ್ತಾ ಹೇಳಿದ: "ಅಲ್ಲಾ, ಇವತ್ತು ಸ್ವಾಮಾರ. ಆ ಯಮ್ಮ ಬಾಗ್ಲು ತಗುದಿರ್ತದೋ ಇಲ್ವೋ."

"ಬಾಗ್ಲು ಮುಚ್ಚಿದ್ರೆ ಬೋರ್ಡೂ ಮುಚ್ಕೊಂಡಿರ್ತದಾ?"

ಅವನು ನಗಲಿಲ್ಲ. ನಾನು ಆಗ ಅದನ್ನು ಗಮನಿಸಲೂ ಇಲ್ಲ.

ಕಿರಂಗೂರು ದಾಟಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿಕೊಂಡು ಪಾಂಡವಪುರ ಸೇರಿದೆವು. ಅಲ್ಲಿ ಛತ್ರಿ, ಬೀಗ ರಿಪೇರಿ ಮಾಡುವ ಒಂದು ಅಂಗಡಿ ಇದೆ. ಮರದ ಹಲಗೆಯ ಬೋರ್ಡು, ಅಂಗಡಿಯವರ ಅಪ್ಪನ ಕಾಲದ್ದು. 'ಛ'ದ ಹೊಟ್ಟೆಯನ್ನು ಒಂದೇ ಎಳೆತದಲ್ಲಿ ಬರೆದಿದ್ದಾರೆ, ಎಲ್ಲೂ ಬ್ರಷ್ ಎತ್ತಿಲ್ಲ. ನಾನು ರಸ್ತೆಯ ಆ ಬದಿಗೆ ಹೋಗಿ, ಈ ಬದಿಗೆ ಬಂದು, ತಲೆ ಓರೆ ಮಾಡಿ ನೋಡುತ್ತಿದ್ದೆ.

"ಏನಪ್ಪಾ, ಬೋರ್ಡು ನೋಡಾಕ್ ಬಂದ್ಯೋ, ಛತ್ರಿ ತಂದಿದ್ದೀಯೋ?" ಅಂಗಡಿಯವರು ಒಳಗಿನಿಂದಲೇ ಕೇಳಿದರು.

"ಬೋರ್ಡು ನೋಡೋಕೆ ಸಾರ್."

"ನೋಡು ನೋಡು. ಮಳೆ ಬಂದ್ರೆ ಅದ್ನೇ ತಲೆ ಮ್ಯಾಲೆ ಇಟ್ಕೊಂಡೋಗು."

ಗೆಳೆಯ ಫೋನು ತೆಗೆದು ಒಂದೊಂದೇ ಅಕ್ಷರವನ್ನು ಹತ್ತಿರದಿಂದ ಹಿಡಿದ. "ನಿನ್ನ ಕಲೆಕ್ಷನ್‌ಗೆ ಕಣ್ಲಾ" ಅಂದ. ಇಷ್ಟು ವರ್ಷ ನನ್ನ ಹುಚ್ಚನ್ನು ನೋಡಿ ಆಕಳಿಸುತ್ತಿದ್ದವನಿಗೆ ಕೊನೆಗೂ ಅದು ಅಂಟಿತಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಂದಿನ ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಬ್ರಷ್ಷು, ಟರ್ಪೆಂಟೈನು, ಸುಣ್ಣ ಹಚ್ಚಿದ ದಾರದಿಂದ ಹೊಡೆಯುವ ಗೆರೆ ಎಂದು ಕೊರೆಯುತ್ತಲೇ ಇದ್ದೆ. ಅವನು ಹೂಂ ಹೂಂ ಎನ್ನುತ್ತಾ ಗಾಡಿ ಓಡಿಸಿದ.

ಕೆ.ಆರ್. ಪೇಟೆಯಲ್ಲಿ ಟೀ ಕುಡಿಯಲು ನಿಂತೆವು. ಲೋಟ ತುಟಿಗಿಟ್ಟವನು ತಲೆ ಎತ್ತಿ ನೋಡಿದೆ, ಹಾಗೇ ನಿಂತೆ. ಅಂಗಡಿಯ ಮೇಲೆ ಹೊಸ ಫ್ಲೆಕ್ಸು: 'ಕಾಫಿ ತಿಂಡಿ'. ಮೂರು ಗುಡಿಸುಗಳೂ ಪೇಟ ಓರೆಯಾಗಿ ಸುತ್ತಿಕೊಂಡು ಕೂತಿದ್ದವು.

"ಲೇ, ಇದು ನನ್ನ ಗುಡಿಸು ಇದ್ದಂಗೇ ಇದೆ ಕಣೋ."

ಅವನು ಜೋರಾಗಿ ನಕ್ಕ. "ನೋಡ್ದ್ಯಾ, ಗುಡಿಸೂ ನಿಂದೇ, ಕೊಂಬೂ ನಿಂದೇ, ಕರ್ನಾಟಕಾನೂ ನಿನ್ನೆಸ್ರಿಗೇ ಬರ್ಕೊಟ್ಟವ್ರೆ. ಕನ್ನಡದ ಅಕ್ಸರ ಎಲ್ಲಾ ದುಂಡುಗೇ ಇರ್ತವೆ ಕಣ್ಲಾ. ಟೀ ಆರೋಯ್ತದೆ, ಕುಡಿ."

ಇದನ್ನು ಬರೆದವರು ಯಾರು ಎಂದು ಟೀ ಅಂಗಡಿಯವನನ್ನು ಕೇಳಿದೆ. ಅವನು ಬಾಯಿ ತೆರೆಯುವುದರೊಳಗೆ ಗೆಳೆಯ, "ಬಜ್ಜಿ ಬಿಸಿ ಅದಾಣ್ಣ? ಎರಡು ಪ್ಲೇಟ್ ಆಕು" ಎಂದು ನಡುವೆ ಬಂದ. ಮಾತು ಅಲ್ಲಿಗೇ ನಿಂತಿತು. ನಿಜ ಹೇಳಬೇಕೆಂದರೆ, ಆಗಲೂ ನನಗೆ ಅನುಮಾನ ಬರಲಿಲ್ಲ. ಈ ಕಡೆ ನನ್ನ ಹಾಗೆಯೇ ಗುರುವಿಲ್ಲದೆ ಕಲಿತವನು, ನನ್ನ ತಪ್ಪನ್ನೇ ಮಾಡುವವನು ಇನ್ನೊಬ್ಬ ಇರಬೇಕು ಎಂದುಕೊಂಡೆ. ಅವನನ್ನು ಹುಡುಕಬೇಕು ಎಂದೂ ಅಂದುಕೊಂಡೆ. ಬಜ್ಜಿ ತಿನ್ನುತ್ತಾ ಗೆಳೆಯ, ಬಿಸಿಲು ಜಾಸ್ತಿಯಾಯಿತು, ಮೇಲುಕೋಟೆಗೆ ಹೋಗಿ ಕೊಳದ ಹತ್ತಿರ ಕೂತು ಬಂದುಬಿಡೋಣ, ನಾಗಮಂಗಲ ಇನ್ನೊಂದು ದಿನ ನೋಡೋಣ ಎಂದ. ಬೇಡ, ಬೋರ್ಡು ನೋಡದೆ ನಾನು ಊರಿಗೆ ಬರುವುದಿಲ್ಲ ಎಂದೆ. ಅವನು ಕೈ ಒರೆಸಿಕೊಂಡು ಎದ್ದ.

ನಾಗಮಂಗಲದ ಆ ರಸ್ತೆಗೆ ತಿರುಗಿದಾಗ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ದೂರದಿಂದ ನೀಲಿ ಕಂಡಿತು. ಇಷ್ಟು ದೊಡ್ಡದಾಗಿ ಬರೆದಿದ್ದೆನೇ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು. ಹತ್ತಿರ ಹೋದೆ. ಅದು ತಗಡಲ್ಲ, ಫ್ಲೆಕ್ಸು. ಅದೇ ನೀಲಿ, ಅದೇ ಹಳದಿ, ಅದೇ ಕೆಂಪು ನೆರಳು, ಪಕ್ಕದಲ್ಲಿ ಹಬೆಯಾಡುವ ಇಡ್ಲಿಯ ಫೋಟೊ.

ತಗಡಿನ ಮೇಲೆ ಬರೆಯುವಾಗ 'ತಿಂ' ಅಕ್ಷರದ ಹೊಟ್ಟೆಯಲ್ಲಿ ಬ್ರಷ್ಷಿನ ಒಂದು ಕೂದಲು ಉದುರಿ ಬಣ್ಣದೊಳಗೆ ಸಿಕ್ಕಿಕೊಂಡಿತ್ತು. ಕೀಳಲು ಹೋದರೆ ಬಣ್ಣ ಕದಡುತ್ತದೆ ಎಂದು ಹಾಗೇ ಬಿಟ್ಟಿದ್ದೆ. ಆ ಕೂದಲು ಫ್ಲೆಕ್ಸಿನಲ್ಲೂ ಇತ್ತು, ಬೆರಳಿನಷ್ಟು ದಪ್ಪವಾಗಿ. ಇಲ್ಲದೆ ಹೋದದ್ದು ಒಂದೇ. ಕೆಳಗಿನ ಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದಿದ್ದ ಜಾಗದಲ್ಲಿ ಗೆಳೆಯನ ಅಂಗಡಿಯ ಫೋನ್ ನಂಬರಿತ್ತು.

ಹೋಟೆಲಿನಾಕೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಬಾ ಮಗ, ಬಾ! ಎಷ್ಟು ದಿನಾಯ್ತು ನಿನ್ನ ನೋಡಿ. ನೋಡು, ನಿನ್ನ ಬೋರ್ಡು ಎಂಗೆ ಒಳೀತಾ ಅದೆ! ಸಂಜೆ ಲೈಟಾಕುದ್ರೆ ಬಸ್‌ಸ್ಟ್ಯಾಂಡ್ ಗಂಟ ಕಾಣ್ತದೆ." ಗೆಳೆಯನತ್ತ ತಿರುಗಿದರು. "ಇವಪ್ಪ ಬಂದು, ನೀನೇ ಕಳ್ಸಿದ್ದು ಅಂದ. ತಗಡು ತುಕ್ಕಿಡೀತದೆ, ಅದ್ನೇ ದೊಡ್ಡದು ಮಾಡಿ ಕಟ್ಬುಟ್ಟು ಬಾ ಅಂದೆಯಂತೆ. ನಾನು ಎರಡು ಸಲ ಕೇಳ್ದೆ ಕಣಪ್ಪ, ಆ ಉಡುಗಂಗೆ ಗೊತ್ತಾ, ಅವ್ನು ಒಪ್ಪವ್ನಾ ಅಂತ."

ಆಕೆ ನನ್ನ ಮುಖ ನೋಡಿದರು. ದನಿ ಇಳಿಯಿತು.

"ಯಾಕಪ್ಪ? ಗೊತ್ತಿರ್ನಿಲ್ವಾ ನಿಂಗೆ?"

ಗೆಳೆಯ ಜಗ್ಗಿನಿಂದ ನೀರು ಬಗ್ಗಿಸಿಕೊಂಡು, ಕುಡಿಯದೆ, ಲೋಟದ ತಳ ನೋಡುತ್ತಾ ನಿಂತಿದ್ದ.

"ಗೊತ್ತಿತ್ತು ಕಣಮ್ಮ" ಅಂದೆ. "ನಾನೇ ಕೊಟ್ಟಿದ್ದು."

ಯಾಕೆ ಹಾಗೆ ಹೇಳಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತವನನ್ನು ಇನ್ನೊಬ್ಬರ ಮುಂದೆ ಕಳ್ಳ ಎನ್ನಲು ನಾಲಿಗೆ ಹೊರಳಲಿಲ್ಲ. ಆಕೆ, "ಅಂಗನ್ನು! ಒಂದು ಗಳಿಗೆ ಎದೆ ಜಲ್ ಅಂದ್ಬುಡ್ತು" ಎಂದು ನಕ್ಕು, ಇಬ್ಬರಿಗೂ ಬಿಸಿ ವಡೆ ತಂದಿಟ್ಟರು. ವಡೆ ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೂ ಕೋಪ ಬಂತು.

ಹೊರಗೆ ಬಂದು ಬೈಕಿನ ಹತ್ತಿರ ಕೇಳಿದೆ. "ತಗಡೆಲ್ಲಿ?"

"ಅಂಗ್ಡೀಲಿ. ಸ್ಕ್ಯಾನ್ ಮಾಡಾಕೆ ತಂದಿದ್ದೆ. ಜೋಪಾನವಾಗೇ ಮಡಗಿವ್ನಿ."

"ಕೆ.ಆರ್. ಪೇಟೇದು?"

"ಅದೂ ನಾನೇ." ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ಯೋಳಾಣ ಅಂತಲೇ ಬಂದೆ ಕಣ್ಲಾ ಇವತ್ತು. ಬೆಳಗ್ಗಿಂದ ಬಾಯಿಗೇ ಬರ್ನಿಲ್ಲ."

"ಬಾಯಿ ತುಂಬ ದೋಸೆ ಇತ್ತಲ್ಲ."

"ಲೇ, ಕೇಳ್ಲಾ ಇಲ್ಲಿ. ನಿನ್ನ ಅಕ್ಸರ ಅಂದ್ರೆ ಜನ ಸಾಯ್ತಾರೆ. ನೀನು ಎರಡು ಪದಕ್ಕೆ ಎರಡು ದಿನ ತಕ್ಕತೀಯ. ನಾನು ಊರೂರಿಗೂ ಮುಟ್ಟುಸ್ತಾ ಇವ್ನಿ. ಖುಸಿ ಪಡ್ಬೇಕು ನೀನು."

"ಹಾಗಾದ್ರೆ ನನ್ನ ಅಕ್ಷರ ಯಾಕೆ ಅಳಿಸಿದೆ? ಮೂಲೇಲಿ ಇದ್ದದ್ದು?"

ಅವನು ಬೈಕು ಸ್ಟಾರ್ಟ್ ಮಾಡಿದ. ನಾನು ಹಿಂದೆ ಕೂತೆ.

ಬೆಳಗ್ಗೆ ಅವನು ತೆಗೆದ ಫೋಟೊಗಳು ನೆನಪಾದದ್ದು ಆಗ. ಆ ಛತ್ರಿ ಅಂಗಡಿಯ 'ಛ'. ಅದನ್ನು ಅವನಿಗೆ ತೋರಿಸಿದವನು ನಾನು. ಯಾಕೆ ಚಂದ ಎಂದು ಬಿಡಿಸಿ ಹೇಳಿದವನೂ ನಾನೇ.

ಪಾಂಡವಪುರ ದಾಟಿದ ಮೇಲೆ ಅವನು ಸಿಳ್ಳೆ ಹಾಕಲು ಶುರು ಮಾಡಿದ. ಆಮೇಲೆ ಅರ್ಧ ತಲೆ ತಿರುಗಿಸಿ ಹೇಳಿದ: "ಆ ಯಮ್ಮನ ಮುಂದೆ ನೀ ಅಂಗಂದ್ಯಲ್ಲ, ಅಲ್ಲೇ ಗೊತ್ತಾಯ್ತು ಬುಡು. ನೀನು ನನ್ನ ಬುಟ್ಕೊಡಾಕಿಲ್ಲ ಅಂತ. ಇನ್ಮ್ಯಾಲೆ ಇಬ್ರೂ ಸೇರ್ಕೊಂಡೇ ಮಾಡಾಣ."

ಅದುವರೆಗೆ ನನಗೆ ಸಿಟ್ಟಿದ್ದದ್ದು ಅಕ್ಷರ ಹೋದದ್ದಕ್ಕೆ. ಆ ಸಿಳ್ಳೆ ಕೇಳಿದ ಮೇಲೆ ಬೇರೆಯದೇ ಏನೋ ಆಯಿತು. ಅವನ ಮರ್ಯಾದೆ ಉಳಿಸಲು ನಾನು ಹೇಳಿದ ಸುಳ್ಳನ್ನು ಅವನು ಒಪ್ಪಿಗೆ ಎಂದು ಜೇಬಿಗೆ ಹಾಕಿಕೊಂಡಿದ್ದ. ಕಿರಂಗೂರಿನಲ್ಲಿ ನಿಲ್ಲಿಸು ಎಂದೆ.

"ಯಾಕ್ಲಾ? ಉಚ್ಚೆಗಾ?"

"ಇಲ್ಲ. ನಾನು ನಡ್ಕೊಂಡು ಬರ್ತೀನಿ."

"ತಿಕ್ಲು ಬಡ್ಡೆತ್ತದೆ, ಇಷ್ಟಕ್ಕೆಲ್ಲ..." ಎಂದ. ಸ್ವಲ್ಪ ದೂರ ಹೋಗಿ ನಿಂತು, ಹಾರ್ನ್ ಹೊಡೆದು ಕಾದ. ನಾನು ರಸ್ತೆ ಬಿಟ್ಟು ಕಾಲುವೆ ಏರಿಯ ದಾರಿ ಹಿಡಿದೆ.

ಮೂರು ದಿನದ ಮೇಲೆ ನಾನು ಇಲ್ಲದ ಹೊತ್ತು ನೋಡಿ ತಗಡನ್ನು ನಮ್ಮ ಮನೆಯ ಗೋಡೆಗೆ ಒರಗಿಸಿ ಹೋಗಿದ್ದ. ಬಣ್ಣ ಗಟ್ಟಿಯಾಗಿ ನಿಂತಿತ್ತು. ಉಗುರಿನಲ್ಲಿ ಕೆರೆದರೂ ಏಳಲಿಲ್ಲ. ನಾನು ತಿಳಿಯಬೇಕಿದ್ದದ್ದು ಅಷ್ಟೇ ತಾನೇ, ತಿಳಿಯಿತು. ಈಗ ಕೆಲಸ ಕೇಳಿಕೊಂಡು ಹೋಗುತ್ತೇನೆ. ಎರಡು ಕಡೆ, "ಈ ಥರದ್ದು ಫ್ಲೆಕ್ಸಲ್ಲೇ ಸಿಕ್ತದಲ್ಲಪ್ಪ" ಎಂದು ನನ್ನ ಅಕ್ಷರದ ಫೋಟೊವನ್ನೇ ನನಗೆ ತೋರಿಸಿದರು.

ಅವನ ಫೋನು ಆಗಾಗ ಬರುತ್ತದೆ. ಎತ್ತುವುದಿಲ್ಲ. ಅದು ಕಷ್ಟವೂ ಅಲ್ಲ. ಕಷ್ಟವಾಗುವುದು ನಾಗಮಂಗಲದ್ದು. ಆಕೆ ಅವನನ್ನು ಎರಡು ಸಲ ಕೇಳಿದ್ದರು, ಮೂರನೆಯ ಸಲ ನನ್ನನ್ನೇ ಕೇಳಿದರು. ಅವನ ಸುಳ್ಳಿಗೆ ಸಾಕ್ಷಿ ಹೇಳಿದವನು ನಾನು. ಹೋಗಿ ನಿಜ ಹೇಳಬೇಕು. ಹೇಳಿದರೆ ಫ್ಲೆಕ್ಸು ಇಳಿಸಲು ಆಕೆ ಆ ಕ್ಷಣವೇ ಏಣಿ ಹಾಕುತ್ತಾರೆ, ಅದೂ ಗೊತ್ತು. ಇಲ್ಲಿಂದ ಅಲ್ಲಿಗೆ ಎರಡು ಬಸ್ಸು ಹಿಡಿಯಬೇಕು. ಇನ್ನೂ ಹತ್ತಿಲ್ಲ.